ಅಡಗಿ ಹೊರಟವರಿಗೆ ಒಂದು ಪದ

ಏಳನೇ ವಯಸ್ಸಿನಲ್ಲಿ ನಾನೊಮ್ಮೆ ಸಾಮಾನಾಗಿ ಪ್ರಯಾಣ ಮಾಡಿದ್ದೇನೆ.

ಅಮ್ಮನ ಹತ್ತಿರ ಇದ್ದ ದುಡ್ಡಿಗೆ ಬಂದದ್ದು ಒಂದೂವರೆ ಟಿಕೆಟ್. ಪೂರ್ತಿ ಟಿಕೆಟ್ ಅವಳಿಗೆ, ಅರ್ಧ ಅಕ್ಕನಿಗೆ. ನನ್ನ ಪಾಲಿಗೆ ಏನೂ ಉಳಿಯಲಿಲ್ಲ. ರೈಲು ಹೊರಡುವ ಮೊದಲೇ ಅಮ್ಮ ನನ್ನನ್ನು ಸೀಟಿನ ಕೆಳಗೆ ಮಲಗಿಸಿದಳು. ಮುಂದೆ ಒಂದು ಟ್ರಂಕು, ಎರಡು ಚೀಲ ಅಡ್ಡ ಇಟ್ಟಳು. ಆಮೇಲೆ ಏನೋ ಬಿದ್ದದ್ದನ್ನು ಹುಡುಕುವವಳ ಹಾಗೆ ಬಗ್ಗಿ, ನನ್ನ ಕಿವಿಯ ಹತ್ತಿರ ಹೇಳಿದಳು: "ಪುಟ್ಟಿ, ನೀನೀಗ ಸಾಮಾನು. ಸಾಮಾನು ಮಾತಾಡಲ್ಲ, ಕೆಮ್ಮಲ್ಲ."

ಸೀಟಿನ ಕೆಳಗಿನ ಲೋಕವೇ ಬೇರೆ. ಅಲ್ಲಿಂದ ಯಾರ ಮುಖವೂ ಕಾಣಿಸುವುದಿಲ್ಲ, ಕಾಲು ಮಾತ್ರ. ಒಬ್ಬರ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು, ಅದಕ್ಕೆ ಪಿನ್ನು ಹಾಕಿದ್ದರು. ಇನ್ನೊಬ್ಬರು ರೈಲು ಹೊರಟ ಕೂಡಲೇ ಶೂ ಬಿಚ್ಚಿ, ಒಂದು ಪಾದದಿಂದ ಇನ್ನೊಂದು ಪಾದವನ್ನು ಉಜ್ಜುತ್ತ ಕೂತರು. ನನ್ನ ಕೆನ್ನೆಯ ಕೆಳಗೆ ಕಬ್ಬಿಣದ ನೆಲ ಗುಂಯ್ ಅನ್ನುತ್ತಿತ್ತು. ಹಳಿಯ ಪ್ರತಿ ಜೋಡಣೆಯೂ ಹಲ್ಲಿಗೆ ತಾಗುತ್ತಿತ್ತು.

ಆಮೇಲೆ ಟಿಸಿ ಬಂದರು. ಕಪ್ಪು ಶೂ, ಎಡಗಾಲಿನ ಲೇಸು ಸಡಿಲವಾಗಿತ್ತು. ಮೇಲಿನಿಂದ ಟಿಕೆಟಿಗೆ ತೂತು ಹೊಡೆಯುವ ಟಕ್ ಟಕ್ ಸದ್ದು. ಆಗಿನ ಟಿಕೆಟ್ ದಪ್ಪ ರಟ್ಟಿನದು. ಮಣಿಯಷ್ಟು ಚಿಕ್ಕ ರಟ್ಟಿನ ಚೂರೊಂದು ಉದುರಿ, ಟ್ರಂಕಿನ ಪಕ್ಕದಿಂದ ಉರುಳಿ, ನನ್ನ ಮೂಗಿನ ಮುಂದೆ ಬಂದು ನಿಂತಿತು. ನಾನು ಅದನ್ನು ಬೆರಳಿನಿಂದ ಒತ್ತಿ ಹಿಡಿದೆ. ಅವರ ಶೂ ಅಲ್ಲೇ ನಿಂತಿತ್ತು. ಬಹಳ ಹೊತ್ತು ನಿಂತಿತ್ತು. ಆಮೇಲೆ ಶೂವಿನ ತುದಿ ನಿಧಾನವಾಗಿ ಮುಂದೆ ಬಂದು, ಒಂದು ಚೀಲವನ್ನು ನಾಲ್ಕು ಬೆರಳಿನಷ್ಟು ಒಳಗೆ ತಳ್ಳಿತು. ಹೊರಗೆ ಚಾಚಿದ್ದ ನನ್ನ ಕಾಲು ಮುಚ್ಚಿಹೋಯಿತು. ಶೂ ಮುಂದಿನ ಸೀಟಿಗೆ ಹೋಯಿತು.

ಇದನ್ನು ನಾನು ಯಾರಿಗೂ ಅಷ್ಟಾಗಿ ಹೇಳಿಲ್ಲ. ಈಗ ಹೇಳುವುದಕ್ಕೆ ಕಾರಣ ಒಂದು ಪದ.

ಅನುವಾದ ನನ್ನ ಕಸುಬು. ಹೋದ ತಿಂಗಳು ಒಂದು ಉದ್ದನೆಯ ಲೇಖನ ಕೈಗೆ ಬಂತು. ಹಡಗು, ವಿಮಾನ, ರೈಲುಗಳಲ್ಲಿ ಅಡಗಿ ಕೂತು ಪ್ರಯಾಣ ಮಾಡಿದವರ ಬಗ್ಗೆ. ಮೊದಲ ಸಾಲಿನಲ್ಲೇ 'ಸ್ಟೋಅವೇ' ಅನ್ನುವ ಪದ. ಲೇಖನದುದ್ದಕ್ಕೂ ಅದು ಅರವತ್ತಕ್ಕಿಂತ ಜಾಸ್ತಿ ಸಲ ಬರುತ್ತದೆ. ನಾನು ಮೊದಲು ಬರೆದದ್ದು 'ಟಿಕೆಟ್ ಇಲ್ಲದ ಪ್ರಯಾಣಿಕ'. ಎರಡನೇ ಪುಟಕ್ಕೆ ಬರುವಾಗಲೇ ಅದು ಸರಿಯಿಲ್ಲ ಅಂತ ಗೊತ್ತಾಯಿತು.

ಯಾಕೆ ಅಂದರೆ ಟಿಕೆಟ್ ಇಲ್ಲದೆ ಹೋಗುವುದು ಬೇರೆ, ಅಡಗಿ ಹೋಗುವುದು ಬೇರೆ. ಟಿಕೆಟ್ ತೆಗೆದುಕೊಳ್ಳದೆ ಬಾಗಿಲ ಬಳಿ ಆರಾಮಾಗಿ ನಿಂತು, ಕಂಡಕ್ಟರ್ ಹತ್ತಿರ ಬಂದ ಕೂಡಲೇ ಇಳಿದುಹೋಗುವವನು ಎಲ್ಲರ ಎದುರಿಗೇ ಇರುತ್ತಾನೆ. ಅವನಲ್ಲಿ ಇಲ್ಲದ್ದು ಒಂದು ಚೀಟಿ ಮಾತ್ರ. ಅಡಗಿದವನು ತನ್ನನ್ನೇ ಇಲ್ಲವಾಗಿಸಿಕೊಂಡಿರುತ್ತಾನೆ. ನಮ್ಮ ಮಾತಿನಲ್ಲಿ ಮೊದಲನೆಯವನಿಗೆ ಪದಗಳಿವೆ. 'ವಿತೌಟ್‌ನಲ್ಲಿ ಬಂದ' ಅನ್ನುತ್ತೇವೆ. ಟಿಕೆಟ್ ಅನ್ನುವ ಪದವೂ ಅಲ್ಲಿ ಬೇಡ, ಬರೀ 'ವಿತೌಟ್' ಅಂದರೆ ಸಾಕು. 'ಪುಕ್ಕಟೆ ಬಂದ', 'ಬಿಟ್ಟಿ ಸವಾರಿ' ಅನ್ನುತ್ತೇವೆ. ಇದೆಲ್ಲ ದುಡ್ಡಿನ ಲೆಕ್ಕ. ಅಡಗಿದ್ದರ ಸುದ್ದಿಯೇ ಇಲ್ಲ.

ಈ 'ಬಿಟ್ಟಿ' ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ಅದು ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆಗೆ ಆ ಹೆಸರು. 'ಬಿಟ್ಟಿ ಚಾಕರಿ' ಅನ್ನುವಾಗ ಈಗಲೂ ಆ ಹಳೆಯ ಅರ್ಥ ಉಳಿದಿದೆ. ಅಂದರೆ ಒಂದು ಕಾಲದಲ್ಲಿ ಈ ಪದದೊಳಗೆ ಇದ್ದದ್ದು ದುಡಿದೂ ಏನೂ ಸಿಗದವನು. ಈಗ 'ಬಿಟ್ಟಿ ಸವಾರಿ'ಯಲ್ಲಿ ಇರುವುದು ಕೊಡದೆಯೇ ಎಲ್ಲ ಪಡೆದವನು. ಪದ ಪೂರ್ತಿ ತಿರುಗಿ ನಿಂತಿದೆ. ಸೀಟಿನ ಕೆಳಗೆ ಮಲಗಿದ ಮಗುವಿಗೆ ಈ ಪದ ಹಾಕುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಹೀಗಾಗಿ ಬೇರೆ ಭಾಷೆಗಳವರು ಏನು ಹೇಳುತ್ತಾರೆ ಅಂತ ನೋಡಲು ಕೂತೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಇಂಗ್ಲಿಷಿನ ಪದವನ್ನೇ ಮೊದಲು ಬಿಡಿಸಿದೆ. 'ಸ್ಟೋ' ಅಂದರೆ ಹಡಗಿನ ಹೊಟ್ಟೆಯಲ್ಲಿ ಸರಕನ್ನು ಒತ್ತಾಗಿ ಜೋಡಿಸಿಡುವುದು. ಅದರ ಮೂಲ ಹಳೆಯ ಇಂಗ್ಲಿಷಿನಲ್ಲಿ 'ಜಾಗ' ಅನ್ನುವ ಅರ್ಥದ ಪದ. ತನ್ನನ್ನು ತಾನೇ ಸರಕಿನ ಹಾಗೆ ಒಳಗೆ ಜೋಡಿಸಿಟ್ಟುಕೊಂಡವನು ಸ್ಟೋಅವೇ. ಹತ್ತೊಂಬತ್ತನೇ ಶತಮಾನದ ನಡುವೆ, ಹಡಗುಗಳಲ್ಲಿ ಜನ ಗುಂಪುಗುಂಪಾಗಿ ಖಂಡ ದಾಟುತ್ತಿದ್ದ ಕಾಲದಲ್ಲಿ ಈ ಪದ ಬಳಕೆಗೆ ಬಂತು. ಇದನ್ನು ಓದಿದಾಗ ಮೈ ಜುಮ್ಮೆಂದಿತು. "ನೀನೀಗ ಸಾಮಾನು" ಅಂದಿದ್ದ ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಡಚ್ಚರ 'ಫೆರ್‌ಸ್ಟೇಕೆಲಿಂಗ್' ನೇರವಾಗಿದೆ. ಬಚ್ಚಿಟ್ಟುಕೊಂಡವನು, ಅಷ್ಟೇ. ಫ್ರೆಂಚರದು 'ಪಾಸಾಜೆ ಕ್ಲಾಂದೆಸ್ತಾಂ', ಗುಟ್ಟಿನ ಪ್ರಯಾಣಿಕ. ಸ್ಪ್ಯಾನಿಷ್‌ನ 'ಪೊಲಿಸೋನ್' ಬಂದದ್ದು ಪೋಕರಿ ಹುಡುಗ ಎನ್ನುವ ಅರ್ಥದ ಫ್ರೆಂಚ್ ಪದದಿಂದ. ತುರ್ಕಿಯ 'ಕಾಚಾಕ್ ಯೋಲ್ಜು' ಅಂದರೆ ಓಡಿಹೋದ ಪ್ರಯಾಣಿಕ. ಒಬ್ಬೊಬ್ಬರು ಒಂದೊಂದು ಕಡೆಯಿಂದ ಅದೇ ಮನುಷ್ಯನನ್ನು ನೋಡಿದ್ದಾರೆ.

ರಷ್ಯನ್ನರು ಮಾತ್ರ ಪ್ರಾಣಿಯನ್ನು ನೋಡಿದ್ದಾರೆ. ಅವರಲ್ಲಿ ಟಿಕೆಟ್ ಇಲ್ಲದೆ ಹೋಗುವವನು 'ಜಾಯತ್ಸ್', ಅಂದರೆ ಮೊಲ. 'ಮೊಲವಾಗಿ ಹೋದೆ' ಅಂದರೆ ದುಡ್ಡು ಕೊಡದೆ ಹೋದೆ ಅಂತ ಅರ್ಥ. ಫಿನ್‌ಲ್ಯಾಂಡಿನವರಿಗೂ ಎಸ್ಟೋನಿಯಾದವರಿಗೂ ಲಾಟ್ವಿಯಾ, ಲಿಥುವೇನಿಯಾದವರಿಗೂ ಇವನು ಮೊಲವೇ. ನಾಲ್ಕಾರು ಭಾಷೆಗಳು ಒಂದೇ ಮೊಲವನ್ನು ಹಂಚಿಕೊಂಡಿವೆ. ನನಗೆ ಇದು ಎಷ್ಟು ಇಷ್ಟವಾಯಿತು ಅಂದರೆ ಒಂದು ಇಡೀ ದಿನ ಅನುವಾದದಲ್ಲೂ ಮೊಲ ಅಂತಲೇ ಬರೆದು ನೋಡಿದೆ. ಮೊಲ ಮೈ ಮುದುರಿ ಕೂತಾಗ ಅದರ ಪಕ್ಕೆ ಹೇಗೆ ಬಡಿದುಕೊಳ್ಳುತ್ತದೆ ಅಂತ ನೋಡಿದ್ದೀರಾ? ಹೊರಗೆ ಮೈ ಅಲ್ಲಾಡುವುದಿಲ್ಲ, ಒಳಗೆ ಎಲ್ಲ ಓಡುತ್ತಿರುತ್ತದೆ. ಆ ಶೂ ನನ್ನ ಮುಂದೆ ನಿಂತಿದ್ದಾಗ ನಾನು ಹಾಗೇ ಇದ್ದೆ. ಆದರೆ ಕನ್ನಡದಲ್ಲಿ ಮೊಲ ಅಂದರೆ ಓದುವವರಿಗೆ ಮೊಲವೇ ಕಾಣುತ್ತದೆ. ಮಾರನೇ ದಿನ ತೆಗೆದುಹಾಕಿದೆ.

ಇಟಲಿಯಲ್ಲಿ ಟಿಕೆಟ್ ಇಲ್ಲದೆ ನುಗ್ಗುವವನಿಗೆ 'ಪೋರ್ತೊಗೇಜೆ', ಅಂದರೆ ಪೋರ್ಚುಗೀಸಿನವನು ಅನ್ನುತ್ತಾರೆ. ಇದಕ್ಕೆ ಅವರೇ ಒಂದು ಕಥೆ ಹೇಳುತ್ತಾರೆ. ಹದಿನೆಂಟನೇ ಶತಮಾನದ ರೋಮ್‌ನಲ್ಲಿ ಪೋರ್ಚುಗಲ್ಲಿನ ರಾಯಭಾರಿ ಒಂದು ನಾಟಕ ಏರ್ಪಡಿಸಿದನಂತೆ. ಪೋರ್ಚುಗೀಸರಿಗೆ ಪ್ರವೇಶ ಪುಕ್ಕಟೆ. ಬಾಗಿಲಲ್ಲಿ 'ನಾನು ಪೋರ್ಚುಗೀಸಿನವನು' ಅಂದರೆ ಸಾಕು. ರೋಮ್‌ನ ಜನ ಸಾಲುಗಟ್ಟಿ ಬಂದು ಹಾಗೇ ಹೇಳಿ ಒಳಗೆ ಹೋದರು. ಮಾಡಿದವರು ರೋಮ್‌ನವರು, ಹೆಸರು ಅಂಟಿಕೊಂಡದ್ದು ಪೋರ್ಚುಗೀಸರಿಗೆ. ಕಥೆಯನ್ನು ನಂಬಿದರೆ ಇದು ದೊಡ್ಡ ಅನ್ಯಾಯ. ಇಂಥ ಪದಗಳನ್ನು ನಾನು ಮುಟ್ಟುವುದಿಲ್ಲ.

ಜಪಾನಿಗೆ ಬಂದಾಗ ಮಾತ್ರ ನನ್ನ ಪೆನ್ನು ನಿಂತೇ ಹೋಯಿತು. ಅಲ್ಲಿ 'ಕಿಸೆರು' ಅಂತ ಒಂದು ಪದ. ಕಿಸೆರು ಅಂದರೆ ಹಳೆಯ ಕಾಲದ ಹೊಗೆಸೊಪ್ಪು ಸೇದುವ ಉದ್ದನೆಯ ಕೊಳವೆ. ಬಾಯಿಗೆ ಇಡುವ ತುದಿ ಲೋಹದ್ದು, ಹೊಗೆಸೊಪ್ಪು ತುಂಬುವ ತುದಿಯೂ ಲೋಹದ್ದು. ನಡುವೆ ಇರುವುದು ಟೊಳ್ಳು ಬಿದಿರು. ಈಗ ರೈಲನ್ನು ನೆನೆಸಿಕೊಳ್ಳಿ. ಹತ್ತುವ ನಿಲ್ದಾಣದಲ್ಲಿ ಎಲ್ಲಕ್ಕಿಂತ ಕಡಿಮೆ ದೂರದ ಟಿಕೆಟ್ ತೋರಿಸಿ ಒಳಗೆ ಹೋಗುತ್ತಾನೆ. ಇಳಿಯುವ ನಿಲ್ದಾಣದಲ್ಲಿ, ಆ ತುದಿಯ ಚಿಕ್ಕ ದೂರಕ್ಕೆ ಮಾಡಿಸಿಟ್ಟುಕೊಂಡ ಪಾಸು ತೋರಿಸಿ ಹೊರಗೆ ಬರುತ್ತಾನೆ. ನಡುವಿನ ಅಷ್ಟೂ ದೂರಕ್ಕೆ ಕಾಸಿಲ್ಲ. ಜಪಾನಿಯಲ್ಲಿ 'ಕಾನೆ' ಅಂದರೆ ಲೋಹವೂ ಹೌದು, ಹಣವೂ ಹೌದು. ಎರಡು ತುದಿಯಲ್ಲಿ ಕಾನೆ, ನಡುವೆ ಟೊಳ್ಳು. ಇಡೀ ಉಪಾಯ ಒಂದು ಕೊಳವೆಯಲ್ಲಿ ಕೂತುಬಿಟ್ಟಿದೆ.

ಅದೇ ಭಾಷೆಯಲ್ಲಿ ಇನ್ನೊಂದು ಹಳೆಯ ಮಾತು 'ಸತ್ಸುಮಾ ನೊ ಕಮಿ', ಅಂದರೆ ಸತ್ಸುಮಾ ಪ್ರಾಂತದ ಅಧಿಕಾರಿ. ಹನ್ನೆರಡನೇ ಶತಮಾನದಲ್ಲಿ ಆ ಪದವಿ ಇದ್ದ ಒಬ್ಬ ಯೋಧನ ಹೆಸರು ತಾಯ್ರಾ ನೊ ತದನೋರಿ. ಕವಿಯೂ ಹೌದು. 1184ರಲ್ಲಿ ಇಚಿನೊತಾನಿ ಎಂಬಲ್ಲಿ ನಡೆದ ಯುದ್ಧದಲ್ಲಿ ಸತ್ತ. ಅವನ ಹೆಸರನ್ನು ಕಿವಿಯಿಂದ ಒಡೆದರೆ 'ತದಾ' ಅಂದರೆ ಪುಕ್ಕಟೆ, 'ನೋರಿ' ಅಂದರೆ ಹತ್ತುವುದು. ಹೆಸರನ್ನು ಹೇಳದೆ ಬರೀ ಪದವಿಯನ್ನು ಹೇಳಿದರೆ ಗೊತ್ತಿರುವವರಿಗೆ ಅರ್ಥವಾಗುತ್ತದೆ. ರೈಲು ಹುಟ್ಟುವುದಕ್ಕೆ ಎಷ್ಟೋ ಮೊದಲು, ದೋಣಿ ದಾಟುವ ಸನ್ಯಾಸಿಯೊಬ್ಬ ಈ ಮಾತನ್ನು ಬಳಸಲು ಹೋಗುವ ಒಂದು ಪುಟ್ಟ ನಾಟಕವೇ ಅವರಲ್ಲಿದೆ. ದೋಣಿಯವನಿಗೆ ದುಡ್ಡು ಕೊಡದೆ ದಾಟುವ ಆಸೆ ಅಷ್ಟು ಹಳೆಯದು.

ಆದರೆ ಇವೆಲ್ಲ ಜಾಣತನದ ಪದಗಳು. ನನಗೆ ಬೇಕಾದದ್ದು ಭಯದ ಪದ. ಜರ್ಮನ್‌ಗೆ ಬಂದೆ.

ಜರ್ಮನ್ನರು ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಬಸ್ಸು, ಟ್ರಾಮುಗಳಲ್ಲಿ ಟಿಕೆಟ್ ಇಲ್ಲದೆ ಹೋಗುವುದು 'ಶ್ವಾರ್ಟ್ಸ್‌ಫಾರೆನ್', ಕಪ್ಪಾಗಿ ಪ್ರಯಾಣ ಮಾಡುವುದು. ಹಡಗಿನಲ್ಲೋ ವಿಮಾನದಲ್ಲೋ ಅಡಗಿದವನು 'ಬ್ಲಿಂಡರ್ ಪಸಾಜೀರ್', ಕುರುಡು ಪ್ರಯಾಣಿಕ. ನಾನು ಅನುವಾದ ಶುರುಮಾಡಿದ ಹೊಸದರಲ್ಲಿ ಈ ಪದವನ್ನು ಕಣ್ಣು ಕಾಣದ ಪ್ರಯಾಣಿಕ ಅಂತಲೇ ತಿಳಿದು, ಒಂದು ಪ್ಯಾರಾ ಪೂರ್ತಿ ಕೆಡಿಸಿದ್ದೆ. ಇಲ್ಲಿ ಕುರುಡು ಅಂದರೆ ಕಾಣಿಸದ್ದು, ಇದ್ದೂ ಇಲ್ಲದ್ದು. ಸುಳ್ಳು ಎಚ್ಚರಿಕೆಯನ್ನೂ ಅವರು ಕುರುಡು ಎಚ್ಚರಿಕೆ ಅನ್ನುತ್ತಾರೆ.

ಆದರೂ ಆ ಪದವನ್ನು ನೋಡಿದಾಗಲೆಲ್ಲ ನನಗೆ ಬೇರೊಂದು ಪ್ರಶ್ನೆ ಬರುತ್ತದೆ. ಅಲ್ಲಿ ಕಣ್ಣು ಕಾಣದಿದ್ದದ್ದು ಯಾರಿಗೆ? ಆ ಟಿಸಿಗೆ ನಾನು ಕಂಡಿದ್ದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಚೀಲವನ್ನು ಸುಮ್ನೆ ಯಾರೂ ಹಾಗೆ ತಳ್ಳುವುದಿಲ್ಲ. ಅಡಗಿದವರ ಕಥೆಗಳಲ್ಲಿ ಹೀಗೆ ಕಂಡೂ ಕಾಣದ ಹಾಗೆ ಹೋದವರು ಬೇಕಾದಷ್ಟು ಜನ ಇದ್ದಾರೆ.

1914ರಲ್ಲಿ ಅಂಟಾರ್ಕ್ಟಿಕಾದ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್‌ನ 'ಎಂಡ್ಯೂರೆನ್ಸ್' ಹಡಗು ಬ್ಯೂನಸ್ ಐರಿಸ್‌ನಿಂದ ದಕ್ಷಿಣಕ್ಕೆ ಹೊರಟಿತು. ಪರ್ಸ್ ಬ್ಲ್ಯಾಕ್‌ಬರೋ ಎಂಬ ಹುಡುಗನಿಗೆ ಅದರಲ್ಲಿ ಕೆಲಸ ಸಿಕ್ಕಿರಲಿಲ್ಲ. ಹಡಗಿನ ಕೆಲಸಗಾರರೇ ಅವನನ್ನು ಒಂದು ಲಾಕರಿನಲ್ಲಿ ಬಚ್ಚಿಟ್ಟರು. ಸಿಕ್ಕಿಬಿದ್ದಾಗ ಶ್ಯಾಕಲ್ಟನ್ ಕೂಗಾಡಿದ. ಊಟ ಮುಗಿದುಹೋದರೆ ಮೊದಲು ತಿನ್ನುವುದು ಅಡಗಿ ಬಂದವನನ್ನೇ ಅಂತ ಹೆದರಿಸಿದ. ಆಮೇಲೆ ಅವನನ್ನು ಹಡಗಿನ ಪಟ್ಟಿಗೆ ಸೇರಿಸಿ ಕೆಲಸ ಕೊಟ್ಟ. ಹಡಗು ಹಿಮದಲ್ಲಿ ಸಿಕ್ಕಿ ಮುಳುಗಿತು. 1916ರಲ್ಲಿ ಎಲಿಫೆಂಟ್ ದ್ವೀಪದಲ್ಲಿ, ಮಗುಚಿದ ದೋಣಿಗಳ ಕೆಳಗೆ, ಹಿಮ ಕಚ್ಚಿ ಕೊಳೆತಿದ್ದ ಅವನ ಎಡಗಾಲಿನ ಬೆರಳುಗಳನ್ನು ವೈದ್ಯರು ಕತ್ತರಿಸಬೇಕಾಯಿತು. ಅವನು ಬದುಕಿ ಮನೆಗೆ ಮರಳಿದ. ಕೊನೆಗೆ ಅವನನ್ನು ಏನಂತ ಕರೆಯೋದು? ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಅವನು ಅಡಗಿದವನಲ್ಲ, ಹಡಗಿನವನು. ನಾನು ಆ ಸಾಲಿನಿಂದ ಮುಂದೆ ಅವನನ್ನು ಹಾಗೇ ಕರೆದಿದ್ದೇನೆ.

ಗಾಳಿಯಲ್ಲಿ ಅಡಗುವುದು ಇನ್ನೂ ಕಷ್ಟ. ಮೈಯನ್ನು ಬಚ್ಚಿಡಬಹುದು, ಮೈಯ ಭಾರವನ್ನು ಬಚ್ಚಿಡುವುದಕ್ಕೆ ಆಗುವುದಿಲ್ಲ. 1919ರ ಜುಲೈನಲ್ಲಿ ಆರ್34 ಎಂಬ, ಅನಿಲ ತುಂಬಿದ ಚೀಲಗಳಿಂದ ತೇಲುವ ವಾಯುನೌಕೆ ಸ್ಕಾಟ್‌ಲ್ಯಾಂಡಿನಿಂದ ಅಮೆರಿಕಕ್ಕೆ ಹೊರಟಾಗ, ಭಾರ ಕಡಿಮೆ ಮಾಡಲು ವಿಲಿಯಂ ಬ್ಯಾಲಂಟೈನ್ ಎಂಬ ಕೆಲಸಗಾರನನ್ನು ಕೈಬಿಟ್ಟಿದ್ದರು. ಅವನು ಅನಿಲದ ಚೀಲಗಳ ನಡುವೆ ಹೋಗಿ ಕೂತ. ಜೊತೆಗೆ ಒಂದು ಬೆಕ್ಕಿನ ಮರಿ. ಅನಿಲದ ವಾಸನೆಗೆ ವಾಂತಿ ಬಂದು ಹೊರಗೆ ಬರುವಷ್ಟರಲ್ಲಿ ಕೆಳಗೆ ಬರೀ ಸಮುದ್ರ. ಇಳಿಸುವುದಕ್ಕೆ ಜಾಗವಿಲ್ಲ. 1929ರಲ್ಲಿ ಆರ್ಥರ್ ಶ್ರೈಬರ್ ಎಂಬ ಅಮೆರಿಕದ ಯುವಕ, ಮೂವರು ಫ್ರೆಂಚರು ಅಟ್ಲಾಂಟಿಕ್ ದಾಟಲು ಹೊರಟಿದ್ದ ವಿಮಾನದ ಬಾಲದ ಕಡೆ ನುಸುಳಿದ. ನೆಲ ಬಿಟ್ಟ ವಿಮಾನ ಸರಿಯಾಗಿ ಏಳಲೇ ಇಲ್ಲ. ಅವರು ಪ್ಯಾರಿಸ್‌ಗೆ ಹೋಗಬೇಕಿತ್ತು, ಇಂಧನ ಸಾಲದೆ ಸ್ಪೇನ್‌ನ ಕಡಲ ತೀರದಲ್ಲಿ ಇಳಿದರು. ಒಬ್ಬ ಮನುಷ್ಯನ ತೂಕ, ಅಷ್ಟೇ.

ರೈಲಿನ ಪದಗಳು ಕೈಯಿಂದ ಮುಟ್ಟಿ ನೋಡುವ ಹಾಗಿವೆ. ಅಮೆರಿಕದಲ್ಲಿ ಕೆಲಸ ಹುಡುಕುತ್ತ ಗೂಡ್ಸ್ ರೈಲು ಹತ್ತಿ ಅಲೆಯುತ್ತಿದ್ದವರನ್ನು ಹೋಬೋ ಅನ್ನುತ್ತಿದ್ದರು. 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಇವರ ಸಂಖ್ಯೆ ಲಕ್ಷಗಳಿಗೆ ಹೋಯಿತು, ಅದರಲ್ಲಿ ಹದಿಹರೆಯದವರೂ ಇದ್ದರು. ಅವರ ಮಾತಿನಲ್ಲಿ 'ರಾಡ್ ಸವಾರಿ' ಅಂತ ಒಂದಿತ್ತು. ಮರದ ಡಬ್ಬಿಗಳ ಅಡಿಯಲ್ಲಿ, ಡಬ್ಬಿ ಬಾಗದಿರಲಿ ಅಂತ ಉದ್ದಕ್ಕೂ ಕಬ್ಬಿಣದ ಸಲಾಕೆಗಳನ್ನು ಬಿಗಿದಿರುತ್ತಿದ್ದರು. ಆ ಸಲಾಕೆಗಳ ಮೇಲೆ ಮಲಗಿ ಹೋಗುವುದು. ಬೆನ್ನ ಕೆಳಗೆ ಹಳಿ, ಜಲ್ಲಿ, ವೇಗ. ಕೈ ಜಾರಿದರೆ ಮುಗಿಯಿತು. 'ಬ್ಲೈಂಡ್' ಅಂತ ಇನ್ನೊಂದು. ಇಂಜಿನ್ನಿನ ಕಲ್ಲಿದ್ದಲ ಡಬ್ಬಿಯ ಹಿಂದೆಯೇ ಸಾಮಾನಿನ ಡಬ್ಬಿ ಇರುತ್ತಿತ್ತು. ಅದರ ಆ ಕೊನೆಗೆ ತೆರೆಯುವ ಬಾಗಿಲು ಇರುತ್ತಿರಲಿಲ್ಲ. ಅದೇ ಕುರುಡು ಕೊನೆ. ಒಳಗಿನಿಂದ ಯಾರೂ ಬರಲಾರರು, ಅಲ್ಲಿ ನಿಂತು ಹೋಗಬಹುದು. ಇಲ್ಲಿ ಕುರುಡು ಅನ್ನಿಸಿಕೊಂಡದ್ದು ಮನುಷ್ಯನಲ್ಲ, ಗೋಡೆ. ಆಸ್ಟ್ರೇಲಿಯಾದಲ್ಲಿ ಗೂಡ್ಸ್ ರೈಲಿಗೆ 'ರ‍್ಯಾಟ್ಲರ್', ಅಂದರೆ ಗಡಗಡ ಅನ್ನುವುದು ಅಂತ ಹೆಸರಿತ್ತು. ಅದಕ್ಕೆ ಹಾರಿ ಹತ್ತುವುದನ್ನು 'ರ‍್ಯಾಟ್ಲರ್ ಜಿಗಿಯುವುದು' ಅನ್ನುತ್ತಿದ್ದರು.

ಈ ಪದಗಳನ್ನೆಲ್ಲ ಮಾಡಿದವರು ಅಡಗಿದವರೇ. 'ಕಪ್ಪಾಗಿ ಹೋಗುವುದು' ಅನ್ನುವಂಥ ಪದದಲ್ಲಿ ಮಾಡಿದ ತಪ್ಪು ಕಾಣುತ್ತದೆ. 'ರಾಡ್ ಸವಾರಿ'ಯಲ್ಲಿ ಬೆನ್ನು ಎಲ್ಲಿತ್ತು ಅನ್ನುವುದು ಕಾಣುತ್ತದೆ. ಎರಡರಲ್ಲಿ ನನಗೆ ಯಾವುದು ಬೇಕು ಅನ್ನುವುದು ಇಲ್ಲಿಗೆ ಬರುವಾಗ ತಿಳಿದಿತ್ತು.

ಅರ್ಥಶಾಸ್ತ್ರದವರೂ ಈ ಮನುಷ್ಯನನ್ನು ಎರವಲು ಪಡೆದಿದ್ದಾರೆ. ಎಲ್ಲರೂ ಸೇರಿ ಕಟ್ಟಿದ್ದರ ಲಾಭವನ್ನು, ತಾನೇನೂ ಕೊಡದೆ ಪಡೆಯುವವನು ಇಂಗ್ಲಿಷಿನಲ್ಲಿ 'ಫ್ರೀ ರೈಡರ್', ಜರ್ಮನ್‌ನಲ್ಲಿ 'ಟ್ರಿಟ್‌ಬ್ರೆಟ್‌ಫಾರರ್', ಗಾಡಿಯ ಮೆಟ್ಟಿಲ ಹಲಗೆಯ ಮೇಲೆ ನಿಂತು ಹೋಗುವವನು. ಫ್ರೆಂಚರು ಇವನಿಗೂ 'ಪಾಸಾಜೆ ಕ್ಲಾಂದೆಸ್ತಾಂ' ಅಂತಲೇ ಅನ್ನುತ್ತಾರೆ. ಹಡಗಿನ ತಳದಲ್ಲಿ ನೀರಿಲ್ಲದೆ ಮೂರು ದಿನ ಕೂತವನಿಗೂ, ತೆರಿಗೆ ಕಟ್ಟದೆ ರಸ್ತೆಯಲ್ಲಿ ಓಡಾಡುವವನಿಗೂ ಒಂದೇ ಹೆಸರು. ಇದು ನನಗೆ ಒಪ್ಪಿಗೆಯಿಲ್ಲ.

ಕಾನೂನಿನ ಪದ ಬೇರೆಯೇ ಥರ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಒಪ್ಪಂದದಲ್ಲಿ ಸ್ಟೋಅವೇಗೆ ಒಂದು ವ್ಯಾಖ್ಯೆ ಇದೆ. ಹಡಗಿನಲ್ಲೋ ಅದಕ್ಕೆ ತುಂಬುವ ಸರಕಿನಲ್ಲೋ, ಹಡಗಿನ ಒಡೆಯನ ಅಥವಾ ಕ್ಯಾಪ್ಟನ್‌ನ ಒಪ್ಪಿಗೆಯಿಲ್ಲದೆ ಅಡಗಿರಬೇಕು. ಬಂದರು ಬಿಟ್ಟ ಮೇಲೆ ಕಣ್ಣಿಗೆ ಬೀಳಬೇಕು, ಇಲ್ಲವೇ ತಲುಪಿದ ಬಂದರಿನಲ್ಲಿ ಸರಕು ಇಳಿಸುವಾಗ ಸಿಗಬೇಕು. ಕ್ಯಾಪ್ಟನ್ ಅಧಿಕಾರಿಗಳಿಗೆ ತಿಳಿಸಬೇಕು. ಇಷ್ಟೂ ಆದರೆ ಮಾತ್ರ ಆ ಹೆಸರು. ಹೊರಡುವ ಮೊದಲೇ ಸಿಕ್ಕವನಿಗೆ 'ಯತ್ನಿಸಿದವನು' ಅಂತ ಬೇರೆ ಹೆಸರು. ಸಿಗದೆಯೇ ಇಳಿದುಹೋದವನಿಗೆ? ಅವನಿಗೆ ಅಲ್ಲಿ ಹೆಸರೇ ಇಲ್ಲ. ಸಿಕ್ಕಿಬಿದ್ದಾಗ ಮಾತ್ರ ಹುಟ್ಟುವ ಮನುಷ್ಯ! ಆ ಲೆಕ್ಕದಲ್ಲಿ ನಾನು ಏನೂ ಆಗಿರಲಿಲ್ಲ. ಅದೇ ನಿಯಮಗಳು ಇನ್ನೊಂದು ಮಾತನ್ನೂ ಹೇಳುತ್ತವೆ, ಅದನ್ನು ಇಲ್ಲಿ ಬರೆಯಲೇಬೇಕು: ಸಿಕ್ಕವರನ್ನು ಮನುಷ್ಯರ ಹಾಗೆ ನೋಡಿಕೊಳ್ಳಬೇಕು, ಊಟ, ಜಾಗ, ಔಷಧ ಕೊಡಬೇಕು.

ಈಗ ಆ ಲೇಖನದ ಕೊನೆಯ ಭಾಗ. ಅಲ್ಲಿಗೆ ಬರುವಾಗ ನನಗೆ ಪದವೇ ಬೇಡ ಅನ್ನಿಸಿತ್ತು.

1999ರ ಆಗಸ್ಟ್ 2ರಂದು ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ, ಗಿನಿ ದೇಶದ ಕೊನಾಕ್ರಿಯಿಂದ ಬಂದಿದ್ದ ವಿಮಾನದ ಗಾಲಿ ಮಡಚಿಕೊಳ್ಳುವ ಗೂಡಿನಲ್ಲಿ ಇಬ್ಬರು ಹುಡುಗರು ಸತ್ತು ಬಿದ್ದಿದ್ದರು. ಯಗೀನ್ ಕೊಯ್ತಾ, ಫೊದೆ ತುಂಕಾರ. ಹದಿನಾಲ್ಕು, ಹದಿನೈದು ವರ್ಷ. ಆ ಗೂಡಿಗೆ ಒಳಗಿನ ಬಿಸಿಯೂ ಇಲ್ಲ, ಒಳಗಿನ ಗಾಳಿಯೂ ಇಲ್ಲ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹೊರಗಿನ ಚಳಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ಉಸಿರಿಗೆ ಆಮ್ಲಜನಕ ಸಾಲುವುದಿಲ್ಲ, ಎಚ್ಚರ ತಪ್ಪುತ್ತದೆ. ಆ ಹುಡುಗರು ಪ್ಯಾಂಟಿನ ಮೇಲೆ ಪ್ಯಾಂಟು, ಸ್ವೆಟರ್ ಮೇಲೆ ಸ್ವೆಟರ್ ಹಾಕಿದ್ದರು. ಚಳಿ ಇರುತ್ತದೆ ಅಂತ ಅವರಿಗೆ ಗೊತ್ತಿತ್ತು. ಎಷ್ಟು ಅಂತ ಗೊತ್ತಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಜನನ ಪತ್ರ, ಶಾಲೆಯ ಅಂಕಪಟ್ಟಿ, ಫೋಟೋಗಳಿದ್ದವು. ಫ್ರೆಂಚ್‌ನಲ್ಲಿ ಬರೆದ ಒಂದು ಕಾಗದ ಇತ್ತು. ಯುರೋಪಿನ ದೊಡ್ಡವರಿಗೆ ಅಂತ ವಿಳಾಸ. ನಮ್ಮಲ್ಲಿ ಯುದ್ಧ ಇದೆ, ಕಾಯಿಲೆ ಇದೆ, ಓದುವುದಕ್ಕೆ ಸರಿಯಾದ ಶಾಲೆ ಇಲ್ಲ, ಸಹಾಯ ಮಾಡಿ ಅನ್ನುವ ಕೋರಿಕೆ.

ಅಂಕಪಟ್ಟಿ ಯಾಕೆ ತಂದಿದ್ದರು ಅಂತ ಯೋಚಿಸಿ. ಇಳಿದ ಮೇಲೆ ಯಾರಾದರೂ ಕೇಳಿದರೆ ತೋರಿಸುವುದಕ್ಕೆ. ಅವರು ಬಚ್ಚಿಟ್ಟುಕೊಂಡದ್ದು ದಾರಿಯುದ್ದಕ್ಕೆ ಮಾತ್ರ. ತಲುಪಿದ ಮೇಲೆ ಹೆಸರು ಹೇಳಿ, ಎಲ್ಲರ ಎದುರು ನಿಲ್ಲುವುದು ಅವರ ಆಸೆಯಾಗಿತ್ತು.

ಇವರನ್ನು 'ಟಿಕೆಟ್ ಇಲ್ಲದ ಪ್ರಯಾಣಿಕರು' ಅಂತ ಹೇಗೆ ಬರೆಯಲಿ? ಕೈ ಬರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಅಮ್ಮನಿಗೆ ಫೋನ್ ಮಾಡಿದೆ. ಆ ರೈಲಿನ ದಿನ ನೆನಪಿದೆಯಾ ಅಂತ ಕೇಳಿದೆ. ನೆನಪಿತ್ತು. ನಾನು ಕೇಳುವ ಮೊದಲೇ ಟ್ರಂಕಿನ ಬಣ್ಣ ಹೇಳಿದಳು. ಹಾಗೆ ಹೋಗುವುದಕ್ಕೆ ನಿಮ್ಮ ಕಾಲದಲ್ಲಿ ಏನಂತಿದ್ದಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೆಸರು ಏನಿರುತ್ತೆ ಅದಕ್ಕೆ? ಯಾರೂ ಹೇಳ್ಕೊಳ್ತಿರ್ಲಿಲ್ಲ ಅಲ್ವಾ" ಅಂದಳು. ಆಮೇಲೆ, "ನೀನು ಇಳಿದ ಮೇಲೂ ಮುಷ್ಟಿ ಬಿಚ್ಚಲಿಲ್ಲ ಕಣೇ. ಒಳಗೆ ಏನೋ ಕಾಗದದ ಚೂರು ಇಟ್ಕೊಂಡಿದ್ದೆ" ಅಂದಳು. ನಾನು ಅದನ್ನು ಮರೆತೇಬಿಟ್ಟಿದ್ದೆ.

ಮರುದಿನ ಮತ್ತೆ ಕನ್ನಡದ ಪದಗಳ ಜೊತೆ ಕೂತೆ. 'ಕಳ್ಳಪಯಣಿಗ' ಅನ್ನುವುದನ್ನು ಮೊದಲು ಬೇಡ ಅಂದಿದ್ದೆ. ಆದರೆ ಅದನ್ನು ಅಷ್ಟು ಬೇಗ ತಳ್ಳಬಾರದು ಅನ್ನಿಸಿತು. ಯಾಕೆಂದರೆ ನಮ್ಮಲ್ಲಿ 'ಕಳ್ಳ' ಬಂದಲ್ಲೆಲ್ಲ ಕಳವು ಇರುವುದಿಲ್ಲ. 'ಕಳ್ಳಗಂಡಿ' ಅಂದರೆ ಕಳ್ಳರ ಗಂಡಿ ಅಲ್ಲ, ಗುಟ್ಟಾದ ದಾರಿ. 'ಕಳ್ಳನಿದ್ದೆ'ಯಲ್ಲಿ ಯಾರೂ ಏನನ್ನೂ ಕದ್ದಿರುವುದಿಲ್ಲ, ಮಗು ಕಣ್ಣು ಮುಚ್ಚಿ ಮಲಗಿದ ಹಾಗೆ ಮಾಡುತ್ತಿರುತ್ತದೆ. 'ಕಳ್ಳಹೆಜ್ಜೆ' ಅಂದರೆ ಸದ್ದಿಲ್ಲದ ಹೆಜ್ಜೆ. ಜರ್ಮನ್ನರ 'ಕುರುಡು' ಮಾಡುವ ಕೆಲಸವನ್ನು ನಮ್ಮ 'ಕಳ್ಳ' ಮಾಡುತ್ತದೆ. ಇದ್ದೂ ಕಾಣದ್ದು, ಇಲ್ಲದೆಯೂ ಇರುವ ಹಾಗೆ ತೋರುವುದು. ಕಳ್ಳನಿದ್ದೆಯ ಅಕ್ಕರೆ ಕಳ್ಳಪಯಣಿಗನಲ್ಲೂ ಕೇಳಿಸಿದ್ದರೆ ಅದೇ ಸರಿಯಾದ ಪದ. ಕೇಳಿಸುವುದಿಲ್ಲ. 'ಕಳ್ಳಸಾಗಣೆ', 'ಕಳ್ಳಬಟ್ಟಿ' ಪಕ್ಕದಲ್ಲಿ ನಿಂತು ಅದನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ. 'ನುಸುಳುಕೋರ' ಅಂದರಂತೂ ಕೈಯಲ್ಲಿ ಬಂದೂಕು ಬಂದುಬಿಡುತ್ತದೆ.

ಕೊನೆಗೆ ಉಳಿದದ್ದು 'ಅಡಗು'. ಚಿಕ್ಕ ಮಾತು. ಅದರಲ್ಲಿ ತಪ್ಪೂ ಇಲ್ಲ, ಜಾಣತನವೂ ಇಲ್ಲ. ಮೈ ಚಿಕ್ಕದು ಮಾಡಿಕೊಂಡು ಕೂತದ್ದು ಮಾತ್ರ ಇದೆ. ಮಳೆ ಬಂದಾಗ ಧೂಳು ಅಡಗುತ್ತದೆ, ನೋವು ಅಡಗುತ್ತದೆ, ಸದ್ದು ಅಡಗುತ್ತದೆ. 'ಉಸಿರಡಗಿತು' ಅಂದರೆ ಸಾವು. ಬ್ರಸೆಲ್ಸ್‌ನ ಆ ಗೂಡನ್ನು ನೆನೆಸಿಕೊಂಡಾಗ ಈ ಕೊನೆಯದೂ ಅದೇ ಪದದೊಳಗೆ ಇರುವುದು ನನಗೆ ಬೇಕೆನ್ನಿಸಿತು.

'ಅಡಗುಪಯಣಿಗ' ಅಂತ ಬರೆದೆ. ಜೋರಾಗಿ ಓದಿ ನೋಡಿದೆ. 'ಅಡಗುತಾಣ' ಇದ್ದೇ ಇದೆ, ಹಾಗಾಗಿ ಹೊಸದು ಅನ್ನಿಸಲಿಲ್ಲ. ಲೇಖನದುದ್ದಕ್ಕೂ ಬದಲಾಯಿಸುತ್ತ ಹೋದೆ. ಬ್ಲ್ಯಾಕ್‌ಬರೋಗೆ ಸರಿಹೋಯಿತು. ವಾಯುನೌಕೆಯ ಬ್ಯಾಲಂಟೈನ್‌ಗೆ ಸರಿಹೋಯಿತು. ರಾಡಿನ ಮೇಲೆ ಮಲಗಿದವರಿಗೆ ಅದು ಪೂರ್ತಿ ಹೊಂದಲಿಲ್ಲ, ಅಲ್ಲಿ 'ರಾಡ್ ಸವಾರರು' ಅಂತಲೇ ಉಳಿಸಿದೆ. ಟ್ರಾಮು, ಬಸ್ಸಿನ ಜಾಣರಿಗೆ ನಮ್ಮ 'ವಿತೌಟ್' ಸಾಕು. ಕೊನಾಕ್ರಿಯ ಇಬ್ಬರಿಗೆ ಮೊದಲ ಸಲ ಮಾತ್ರ ಆ ಪದ ಹಾಕಿ, ಆಮೇಲೆ ಉದ್ದಕ್ಕೂ ಅವರ ಹೆಸರನ್ನೇ ಬರೆದೆ. ಮೂಲದಲ್ಲಿ ಹಾಗಿಲ್ಲ. ಸಂಪಾದಕರಿಗೆ ಕಾರಣ ಬರೆದು ಕಳಿಸಿದೆ, ಅವರು ಒಪ್ಪಿದರು.

ಅವರು ಒಂದೇ ಒಂದು ಪ್ರಶ್ನೆ ಕೇಳಿದ್ದರು. ಹೆಂಗಸಾದರೆ ಏನಂತ ಬರೆಯುತ್ತೀರಿ? 'ಅಡಗುಪಯಣಿಗಳು' ಅಂದರೆ ಕನ್ನಡವೇ ಅಲ್ಲ. 'ಅಡಗುಪಯಣಿಗಿತ್ತಿ' ನಾಲಿಗೆಗೆ ಸಿಗುವುದಿಲ್ಲ. ಎರಡು ದಿನ ಬಿಟ್ಟು ಉತ್ತರ ಕೊಟ್ಟೆ. ಅಂಥ ಕಡೆ ಸಮಾಸವೇ ಬೇಡ, 'ಅಡಗಿ ಬಂದವಳು' ಅಂತ ಹಾಕಿ.